ಅಣಬೆ ಹಿಂದೆ ಹೋದರೆ ಹೊಟ್ಟೆ ತುಂಬುತ್ತಾ?

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಅಣಬೆಯದೇ ಸುದ್ದಿ. ಮಳೆ ಹಿಡಿದಿದೆ. ಬದುವಿನಲ್ಲಿ, ತಿಪ್ಪೆ ಮೇಲೆ, ಹುತ್ತದ ಪಕ್ಕ ಎಲ್ಲ ಕಡೆ ಎದ್ದಿವೆ, ಕಣ್ಣಿಗೆ ಬಿದ್ದವರು ಬರೆದಿದ್ದಾರೆ. ಗುಬ್ಬಿ ಕಡೆಯ ಒಬ್ಬ ಹುಡುಗಿಯ ಪ್ರಶ್ನೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಅಣಬೆ, ಬೂಷ್ಟುಗಳಂಥ ಶಿಲೀಂಧ್ರಗಳನ್ನು ಗುರುತಿಸುವುದು ಇಷ್ಟು ವರ್ಷದಿಂದ ನಾನು ಮಾಡಿಕೊಂಡು ಬಂದ ಕೆಲಸ, ಅದರ ಬಗ್ಗೆ ಒಬ್ಬಳು ಹೀಗೆ ನೇರವಾಗಿ ಕೇಳಿದ್ದು ಇದೇ ಮೊದಲು.

ಪ್ರಶ್ನೆ: ಮೇಡಂ, ನಾನು ತುಮಕೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ, ಸಸ್ಯಶಾಸ್ತ್ರ ಓದುತ್ತಿದ್ದೇನೆ. ನಮ್ಮ ತೆಂಗಿನ ತೋಟದಲ್ಲಿ ನಾಲ್ಕು ಮರದ ಬುಡದಲ್ಲಿ ಕೆಂಪು ಮಿಶ್ರಿತ ಕಂದು ಬಣ್ಣದ, ವಾರ್ನಿಷ್ ಬಳಿದ ಹಾಗೆ ಹೊಳೆಯುವ ಅಣಬೆ ಎದ್ದಿದೆ. ಕಾಲೇಜಿನಲ್ಲಿ ಮೇಷ್ಟ್ರಿಗೆ ಫೋಟೊ ತೋರಿಸಿದೆ. ಇಂಥವನ್ನು ಗುರುತಿಸಿ, ಹೆಸರಿಟ್ಟು, ಪಟ್ಟಿ ಮಾಡುವುದನ್ನೇ ಕೆಲಸ ಮಾಡಿಕೊಂಡ ವಿಜ್ಞಾನಿಗಳಿದ್ದಾರೆ ಅಂದರು. ಅಂದಿನಿಂದ ಅದೇ ತಲೆಯಲ್ಲಿ ಕೂತಿದೆ. ಅಪ್ಪ ಮಾತ್ರ ‘ಅಣಬೆ ಹಿಂದೆ ಹೋದರೆ ಹೊಟ್ಟೆ ತುಂಬುತ್ತಾ, ಸುಮ್ನೆ ಬಿ.ಎಡ್. ಮಾಡು’ ಅನ್ನುತ್ತಾರೆ. ದಿನಾ ಅವರು ಏನು ಮಾಡುತ್ತಾರೆ? ಏನು ಓದಬೇಕು? ಕೆಲಸ ಸಿಗುತ್ತಾ?
– ವಿದ್ಯಾರ್ಥಿನಿ, ಗುಬ್ಬಿ ತಾಲ್ಲೂಕು

ಉತ್ತರ: ನನ್ನ ಮಗಳ ವಯಸ್ಸು ನಿನ್ನದು, ನೀನು ಅಂತಲೇ ಬರೆಯುತ್ತೇನೆ.

ಮೊದಲು ತೋಟದ ವಿಷಯ, ಅದು ಅವಸರದ್ದು. ನೀನು ಬರೆದಿರುವುದು ನಮ್ಮ ಕಡೆ ಎಲ್ಲರೂ ‘ಅಣಬೆ ರೋಗ’ ಅಂತ ಕರೆಯುವ ರೋಗದ ಲಕ್ಷಣ. ಅದನ್ನು ತರುವ ಶಿಲೀಂಧ್ರದ ಹೆಸರು ಗ್ಯಾನೊಡರ್ಮಾ. ಬುಡದಲ್ಲಿ ಅಣಬೆ ಕಾಣುವ ಹೊತ್ತಿಗೆ ಒಳಗೆ ಬೇರು ಬಹಳಷ್ಟು ಕೊಳೆತಿರುತ್ತದೆ. ಆ ಮರದ ನೀರು ಪಕ್ಕದ ಮರದ ಪಾತಿಗೆ ಹರಿಯದಂತೆ ನೋಡಿಕೊಳ್ಳಿ, ಸುತ್ತ ಕಾಲುವೆ ತೋಡಿ ಬೇರಿಗೆ ಬೇರು ತಾಗದಂತೆ ಮಾಡಿ. ಬೇವಿನ ಹಿಂಡಿ ಜೊತೆ ಟ್ರೈಕೋಡರ್ಮಾ ಕೊಡಿಸುತ್ತಾರೆ, ಅದೂ ಶಿಲೀಂಧ್ರವೇ, ಇದರ ವಿರುದ್ಧ ನಿಲ್ಲುವಂಥದ್ದು. ಎಷ್ಟು, ಹೇಗೆ ಅನ್ನುವುದನ್ನು ತಿಪಟೂರು ಹತ್ತಿರದ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಪ್ಪನನ್ನೇ ಕರೆದುಕೊಂಡು ಹೋಗಿ ಕೇಳು.

ಹೋಗುವ ಮೊದಲು ಒಂದು ಅಣಬೆಯನ್ನು ಬುಡಸಮೇತ ಕಿತ್ತು ತಿರುಗಿಸಿ ನೋಡು. ನಾಯಿಕೊಡೆಗೆ ಇರುವ ಹಾಗೆ ಅಡಿಯಲ್ಲಿ ಪದರಗಳು ಇರುವುದಿಲ್ಲ. ಸೂಜಿಯಲ್ಲಿ ಚುಚ್ಚಿದಂಥ ತೂತುಗಳಿರುತ್ತವೆ. ಎಳೆಯದಾದರೆ ಅಡಿಭಾಗ ಬೆಳ್ಳಗಿರುತ್ತದೆ, ಉಗುರಿನಲ್ಲಿ ಗೀಚಿದರೆ ಕಂದು ಗೆರೆ ಮೂಡುತ್ತದೆ. ಮೇಲೆ ಕಾಫಿ ಪುಡಿ ಉದುರಿಸಿದ ಹಾಗೆ ಧೂಳು ಕೂತಿದ್ದರೆ ಅದು ಬೀಜಕಣ. ಅದನ್ನು ಚೂರು ಸ್ಲೈಡ್ ಮೇಲಿಟ್ಟು, ಎಣ್ಣೆ ಹಾಕಿ ನೋಡುವ 100ರ ಲೆನ್ಸಿನಲ್ಲಿ ನೋಡಲು ಮೇಷ್ಟ್ರ ಹತ್ತಿರ ಕೇಳಿಕೋ. ಒಂದೊಂದು ಕಣಕ್ಕೂ ಎರಡು ಗೋಡೆ ಕಾಣುತ್ತದೆ. ಒಳಗೋಡೆಗೂ ಹೊರಗೋಡೆಗೂ ನಡುವೆ ಸಾಲಾಗಿ ಕಂಬ ನಿಲ್ಲಿಸಿದ ಹಾಗಿರುತ್ತದೆ. ಒಂದು ತುದಿ ಮೊಂಡಾಗಿರುತ್ತದೆ. ಆ ಕಂಬಗಳನ್ನು ಕಂಡರೆ ಗ್ಯಾನೊಡರ್ಮಾ ಅಂತ ಧೈರ್ಯವಾಗಿ ಹೇಳಬಹುದು. ಆದರೆ ಯಾವ ಗ್ಯಾನೊಡರ್ಮಾ? ಆ ಕುಲದಲ್ಲಿ ಒಂದರಂತೆ ಇನ್ನೊಂದು ಕಾಣುವವು ಎಷ್ಟೋ ಇವೆ. ನೀನು ಕೇಳಿದ ಕೆಲಸ ಶುರುವಾಗುವುದೇ ಅಲ್ಲಿಂದ.

ಇಲ್ಲಿಯವರೆಗೆ ಲೋಕದಲ್ಲಿ ಹೆಸರಿಟ್ಟಿರುವ ಶಿಲೀಂಧ್ರಗಳು ಒಂದೂವರೆ ಲಕ್ಷಕ್ಕೆ ಸ್ವಲ್ಪ ಜಾಸ್ತಿ. ಇರಬಹುದು ಅಂತ 2017ರಲ್ಲಿ ವಿಜ್ಞಾನಿಗಳು ಹಾಕಿದ ಅಂದಾಜು 22 ಲಕ್ಷದಿಂದ 38 ಲಕ್ಷ. ಅಂದರೆ ನಮ್ಮ ದೇವರಾಯನದುರ್ಗದ ಕಾಡಿನಲ್ಲಿ ಒಂದು ಮಳೆಗಾಲ ತಿರುಗಿದರೆ, ಯಾರೂ ಇನ್ನೂ ಸರಿಯಾಗಿ ನೋಡಿರದ ಏನೋ ಒಂದನ್ನು ನೀನು ತುಳಿದುಕೊಂಡೇ ಹೋಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ದಿನದ ಕೆಲಸ ಹೀಗಿರುತ್ತದೆ. ಮಳೆಗಾಲದಲ್ಲಿ ಬೆಳಿಗ್ಗೆ ಬುಟ್ಟಿ, ಚಾಕು, ಪೇಪರ್ ಕವರು, ನೋಟ್‌ಬುಕ್ಕು ಹಿಡಿದು ಹೋಗುವುದು. ಕೀಳುವ ಮೊದಲೇ ಬರೆಯಬೇಕು: ತಾರೀಖು, ಜಾಗ, ಯಾವ ಮರದ ಕೆಳಗೆ, ಮಣ್ಣಿನಲ್ಲೋ ಕೊಳೆತ ಮರದಲ್ಲೋ ಸಗಣಿಯಲ್ಲೋ, ಕತ್ತರಿಸಿದರೆ ಬಣ್ಣ ಬದಲಾಗುತ್ತದಾ, ವಾಸನೆ ಹೇಗಿದೆ. ಒಣಗಿದ ಮೇಲೆ ಬಣ್ಣವೂ ಹೋಗುತ್ತದೆ, ವಾಸನೆಯೂ ಹೋಗುತ್ತದೆ, ಆಮೇಲೆ ಯಾವ ಮಿಷನ್ನೂ ಅದನ್ನು ವಾಪಸ್ ತರುವುದಿಲ್ಲ. ನಾನು ಎಂ.ಎಸ್ಸಿ. ಓದುವಾಗ ನಾಮದ ಚಿಲುಮೆಯ ಹತ್ತಿರ ಒಂದು ನೀಲಿ ಅಣಬೆ ಸಿಕ್ಕಿತ್ತು, ಹೆಬ್ಬೆರಳಿನಷ್ಟು ಎತ್ತರ, ಕಾಂಡದವರೆಗೂ ನೀಲಿ. ಮಳೆ ಜೋರಾಯಿತು ಅಂತ ಏನೂ ಬರೆದುಕೊಳ್ಳದೆ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ತುಮಕೂರು ಮುಟ್ಟುವ ಹೊತ್ತಿಗೆ ಅದು ಕಂದು ಗೊಜ್ಜಾಗಿತ್ತು. ಯಾವ ಮರದ ಬುಡದಲ್ಲಿತ್ತು ಅನ್ನುವುದೂ ನೆನಪಿರಲಿಲ್ಲ. ಆ ಜಾಗಕ್ಕೆ ಆಮೇಲೆ ಎಷ್ಟೋ ಮಳೆಗಾಲ ಹೋಗಿದ್ದೇನೆ, ಮತ್ತೆ ಸಿಕ್ಕಿಲ್ಲ. ಇವತ್ತಿಗೂ ಅದು ಮನಸ್ಸಿನಲ್ಲಿ ಕೊರೆಯುತ್ತದೆ.

ಮನೆಗೆ ಬಂದ ಮೇಲೆ ಅಣಬೆಯ ಟೋಪಿಯನ್ನು ಕಾಂಡದಿಂದ ಬಿಡಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಕವುಚಿ ಹಾಕಿ, ಮೇಲೆ ಲೋಟ ಬೋರಲು ಹಾಕಬೇಕು. ಬೆಳಿಗ್ಗೆ ಎತ್ತಿದರೆ ಉದುರಿದ ಬೀಜಕಣಗಳು ಕಾಗದದ ಮೇಲೆ ರಂಗೋಲಿ ಬಿಟ್ಟಂತೆ ಗೆರೆಗೆರೆಯಾಗಿ ಕೂತಿರುತ್ತವೆ. ಬಿಳಿಯೋ, ಗುಲಾಬಿಯೋ, ತುಕ್ಕಿನ ಬಣ್ಣವೋ, ಕಪ್ಪೋ ಅನ್ನುವುದರ ಮೇಲೆಯೇ ಅರ್ಧ ದಾರಿ ತೀರ್ಮಾನವಾಗುತ್ತದೆ. ಅಣಬೆಯನ್ನು ಹದವಾದ ಬಿಸಿಯಲ್ಲಿ ಒಣಗಿಸಿ ಪೇಪರ್ ಪೊಟ್ಟಣದಲ್ಲಿ ಇಡಬೇಕು. ಆಮೇಲೆ ಮೈಕ್ರೋಸ್ಕೋಪು. ಕಾಟನ್ ಬ್ಲೂ ಬಣ್ಣ ಹಾಕಿ ಇಪ್ಪತ್ತು ಮೂವತ್ತು ಬೀಜಕಣಗಳ ಉದ್ದ ಅಗಲ ಅಳೆಯುವುದು, ಚಿತ್ರ ಬರೆಯುವುದು, ನೂರು ವರ್ಷದ ಹಿಂದಿನ ವಿವರಣೆಗಳ ಜೊತೆ ಸಾಲು ಸಾಲಾಗಿ ಹೋಲಿಸುವುದು. ಬೂಷ್ಟುಗಳಾದರೆ ಆಲೂಗೆಡ್ಡೆ ಬೇಯಿಸಿದ ನೀರಿಗೆ ಸಕ್ಕರೆ, ಅದು ಗಟ್ಟಿಯಾಗಲು ಅಗರ್ ಅನ್ನುವ ಪುಡಿ ಸೇರಿಸಿ ಮಾಡಿದ ತಟ್ಟೆಯಲ್ಲಿ ಬೆಳೆಸುತ್ತೇವೆ. ಈಗ ಡಿ.ಎನ್.ಎ. ಕೂಡ ಓದಿಸಬೇಕು. ಶಿಲೀಂಧ್ರಗಳಿಗೆ ಐ.ಟಿ.ಎಸ್. ಅನ್ನುವ ತುಣುಕನ್ನು ಗುರುತಿನ ಚೀಟಿ ಅಂತ 2012ರಲ್ಲಿ ಒಪ್ಪಿಕೊಂಡಿದ್ದಾರೆ. ಅದೊಂದೇ ಸಾಕು ಅಂತ ತಿಳಿಯಬೇಡ, ಕೆಲವು ಗುಂಪುಗಳಲ್ಲಿ ಅದು ಕೈಕೊಡುತ್ತದೆ.

ನಿಜಕ್ಕೂ ಹೊಸದು ಅಂತ ಗಟ್ಟಿಯಾದರೆ ವಿವರಣೆ ಬರೆದು, ಮಾದರಿಯನ್ನು ಒಂದು ಹರ್ಬೇರಿಯಂನಲ್ಲಿ (ಒಣ ಮಾದರಿಗಳ ಸಂಗ್ರಹಾಲಯ) ಇಟ್ಟು, ಶಿಲೀಂಧ್ರಗಳ ಹೆಸರು ದಾಖಲಿಸುವ ಮೈಕೋಬ್ಯಾಂಕ್‌ನಂಥ ಕಡೆ ನೋಂದಾಯಿಸಿ ನಂಬರು ತೆಗೆದುಕೊಳ್ಳಬೇಕು. 2013ರಿಂದ ಆ ನಂಬರಿಲ್ಲದೆ ಹೆಸರು ಚಾಲ್ತಿಗೆ ಬರುವುದಿಲ್ಲ. 2011ರವರೆಗೆ ವಿವರಣೆಯನ್ನು ಲ್ಯಾಟಿನ್‌ನಲ್ಲೇ ಬರೆಯಬೇಕಿತ್ತು, ನಿನಗೆ ಆ ಕಷ್ಟವಿಲ್ಲ. ನಮ್ಮ ದೇಶದಲ್ಲಿ ಒಣ ಮಾದರಿಗಳ ದೊಡ್ಡ ಸಂಗ್ರಹ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದೆ. ಜೀವಂತ ಶಿಲೀಂಧ್ರಗಳನ್ನು ಸಾಕಿಡುವ ರಾಷ್ಟ್ರೀಯ ಸಂಗ್ರಹ ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆಯಲ್ಲಿದೆ. ಒಮ್ಮೆ ಪುಣೆಗೆ ಹೋಗಿ ಬಾ.

ರಾಗಿ ಕಾಡಿಗೆ ರೋಗ ನೋಡಿದ್ದೀಯಲ್ಲ? ತೆನೆಯಲ್ಲಿ ಅಲ್ಲಲ್ಲಿ ಕಾಳು ಹಸಿರಾಗಿ ಊದಿಕೊಂಡು, ಆಮೇಲೆ ಕಪ್ಪಾಗಿ ಒಡೆಯುತ್ತದೆ. ಅದರ ವೈಜ್ಞಾನಿಕ ಹೆಸರು ಮೆಲನೊಪ್ಸೈಕಿಯಂ ಎಲ್ಯುಸಿನಿಸ್. ಹೆಸರಿನ ಬಾಲದಲ್ಲಿ ಕುಲಕರ್ಣಿ ಅಂತ ಕಂಸದಲ್ಲಿ, ಅದರ ಹಿಂದೆ ಮುಂಡ್ಕೂರ್ ಮತ್ತು ತಿರುಮಲಾಚಾರ್ ಅಂತ ಇರುತ್ತದೆ. ಮೊದಲು ವಿವರಿಸಿದವರು ಕಂಸದೊಳಗೆ, ಅದು ಇರಬೇಕಾದ ಕುಲ ಬೇರೆ ಅಂತ ಜಾಗ ಬದಲಿಸಿದವರು ಹೊರಗೆ. ನಮ್ಮ ಹೊಲದ ರಾಗಿಯ ರೋಗಕ್ಕೆ ನಮ್ಮವರ ಹೆಸರು! ಎಂ.ಜೆ. ತಿರುಮಲಾಚಾರ್ ಅವರು ಮುಂದೆ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್‌ನಲ್ಲಿ ಶಿಲೀಂಧ್ರ ಸೋಂಕಿಗೆ ಹ್ಯಾಮೈಸಿನ್ ಅನ್ನುವ ಔಷಧಿ ಕಂಡುಹಿಡಿದವರು. ಅದಕ್ಕೂ ಹಿಂದೆ, 1908ರಲ್ಲಿ, ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರತಜ್ಞರಾಗಿ, ಕೀಟತಜ್ಞರೂ ಆಗಿ ಬಂದವರು ಕೆನಡಾದ ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆರೋಗವನ್ನು ಬಿಡಿಸಿ ನೋಡಿ, ಗೊನೆಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದರು. ಇವತ್ತಿಗೂ ಹೊಡೆಯುತ್ತಿದ್ದಾರೆ, ಅಲ್ವಾ?

ಇನ್ನು ಓದು, ಕೆಲಸ. ಇಲ್ಲಿ ನಿನಗೆ ಸಕ್ಕರೆ ಸವರಿ ಹೇಳುವುದಿಲ್ಲ. ನೀನೀಗ ಸಸ್ಯಶಾಸ್ತ್ರದ ದಾರಿಯಲ್ಲಿದ್ದೀಯ. ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗಶಾಸ್ತ್ರದ ಎಂ.ಎಸ್ಸಿ.ಗೆ ಸಾಮಾನ್ಯವಾಗಿ ಬಿ.ಎಸ್ಸಿ. ಕೃಷಿ ಓದಿದವರನ್ನೇ ತೆಗೆದುಕೊಳ್ಳುತ್ತಾರೆ. ಇದು ಎಷ್ಟೋ ಮಕ್ಕಳಿಗೆ ಮೂರನೇ ವರ್ಷ ಮುಗಿದ ಮೇಲೆ ಗೊತ್ತಾಗುತ್ತದೆ, ಅದಕ್ಕೇ ಈಗಲೇ ಹೇಳಿದೆ. ನಿನಗಿರುವುದು ಸಸ್ಯಶಾಸ್ತ್ರ ಇಲ್ಲವೇ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ., ತುಮಕೂರು, ಬೆಂಗಳೂರು, ಮೈಸೂರು ಎಲ್ಲಿಯಾದರೂ ಸರಿ. ಸೇರುವ ಮೊದಲು ಆ ವಿಭಾಗದಲ್ಲಿ ಶಿಲೀಂಧ್ರದ ಮೇಲೆ ನಿಜವಾಗಿ ಕೆಲಸ ಮಾಡುವ ಒಬ್ಬರಾದರೂ ಇದ್ದಾರಾ ವಿಚಾರಿಸು. ಕಟ್ಟಡಕ್ಕಿಂತ ಅದು ಮುಖ್ಯ. ಆಮೇಲೆ ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಅನ್ನುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ, ಜೀವ ವಿಜ್ಞಾನದಲ್ಲಿ. ಅದರಲ್ಲಿ ಜೆ.ಆರ್.ಎಫ್. (ಸಂಶೋಧನಾ ವೇತನ) ಸಿಕ್ಕರೆ ಪಿಎಚ್.ಡಿ. ಮಾಡುವಾಗ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದೆ 42,000, ಬಾಡಿಗೆ ಭತ್ಯೆ ಬೇರೆ. ಪಿಎಚ್.ಡಿ.ಗೆ ನಾಲ್ಕೈದು ವರ್ಷ ಹಿಡಿಯುತ್ತದೆ. ಸಹಾಯಕ ಪ್ರಾಧ್ಯಾಪಕರ ಹುದ್ದೆ ಸಿಕ್ಕರೆ ಯು.ಜಿ.ಸಿ. ವೇತನದಲ್ಲಿ ಮೂಲ ಸಂಬಳವೇ 57,700ರಿಂದ ಶುರು.

‘ಸಿಕ್ಕರೆ’ ಅನ್ನುವ ಮಾತು ಎರಡು ಸಲ ಬಂತು, ಗಮನಿಸಿದೆಯಾ? ಹುದ್ದೆಗಳು ಕಡಿಮೆ. ಪಿಎಚ್.ಡಿ. ಮುಗಿಸಿ ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿಯೇ ಉಳಿದವರನ್ನು ನಾನು ಹತ್ತಿರದಿಂದ ಬಲ್ಲೆ. ಕಾಲೇಜು ಬಿಟ್ಟರೆ ಭಾರತೀಯ ಸಸ್ಯ ಸರ್ವೇಕ್ಷಣೆ ಇದೆ, ಅಲ್ಲಿ ಶಿಲೀಂಧ್ರಗಳ ಪಟ್ಟಿ ಮಾಡುವುದೇ ಕೆಲಸವಾಗಿರುವವರಿದ್ದಾರೆ. ಟ್ರೈಕೋಡರ್ಮಾದಂಥವನ್ನು ತಯಾರಿಸುವ ಕಂಪನಿಗಳಿವೆ. ಆಸ್ಪತ್ರೆ ಲ್ಯಾಬುಗಳಿವೆ. 2021ರಲ್ಲಿ ಕೋವಿಡ್ ಹಿಂದೆಯೇ ಬಂದ ಬ್ಲ್ಯಾಕ್ ಫಂಗಸ್ ನೆನಪಿದೆಯಲ್ಲ. (ಆ ಶಿಲೀಂಧ್ರ ಕಪ್ಪಲ್ಲ, ಸತ್ತ ಮಾಂಸ ಕಪ್ಪಾಗುತ್ತದೆ.) ಮಾರನೇ ವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ಮನುಷ್ಯರಿಗೆ ಅಪಾಯ ತರುವ 19 ಶಿಲೀಂಧ್ರಗಳ ಪಟ್ಟಿಯನ್ನು ಮೊದಲ ಸಲ ಹೊರಡಿಸಿತು. ಯಾವ ಬೂಷ್ಟು ಅಂತ ಸ್ಲೈಡ್ ನೋಡಿ ಹೇಳಬಲ್ಲವರು ಸಾಲದು ಅನ್ನುವುದು ಆಗ ಎಲ್ಲರಿಗೂ ಗೊತ್ತಾಯಿತು.

ಅಪ್ಪನಿಗೆ ಹೇಳು, ಬಿ.ಎಡ್. ಎಲ್ಲಿಗೂ ಓಡಿಹೋಗುವುದಿಲ್ಲ. ಎಂ.ಎಸ್ಸಿ. ಮಾಡಿ, ಕಾಲೇಜು ಪಾಠಕ್ಕೆ ರಾಜ್ಯ ನಡೆಸುವ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸು ಮಾಡಿಕೊಂಡರೆ ಪಾಠ ಹೇಳುವ ದಾರಿ ತೆರೆದೇ ಇರುತ್ತದೆ. ಅವರ ಭಯ ಸುಳ್ಳಲ್ಲ, ಅದಕ್ಕೆ ಸಿಟ್ಟು ಮಾಡಿಕೊಳ್ಳಬೇಡ. ಈ ಮಳೆಗಾಲ ನಿಮ್ಮ ತೋಟದಲ್ಲೇ ಒಂದು ನೋಟ್‌ಬುಕ್ ಶುರು ಮಾಡು. ಯಾವ ಮರಕ್ಕೆ ಯಾವ ತಾರೀಖಿಗೆ ಅಣಬೆ ಎದ್ದಿತು, ಮುಂದಿನ ವರ್ಷ ಅದರ ಪಕ್ಕದ ಯಾವ ಮರಕ್ಕೆ ಬಂತು, ಎಲ್ಲ ಬರೆ. ಆ ಪುಸ್ತಕವನ್ನು ಮೊದಲು ಓದುವವರು ಅಪ್ಪನೇ ಆಗಿರುತ್ತಾರೆ, ಮರ ಅವರದಲ್ಲವಾ.

ಪ್ರಶ್ನೆ: ಟೊಮೆಟೊಗೆ ಅಂಗಮಾರಿ ಬಂದಿದೆ. ಅಂಗಡಿಯಲ್ಲಿ ಕೊಟ್ಟ ಔಷಧಿ ಮೂರು ಸಲ ಹೊಡೆದೆ, ಕಡಿಮೆಯಾಗಲಿಲ್ಲ. ರೋಗದ ಹೆಸರು ತಿಳಿದುಕೊಂಡು ರೈತನಿಗೆ ಏನಾಗಬೇಕು ಮೇಡಂ?
– ರೈತ, ಕೋಲಾರ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ, ಮೂರು ಸಲದ ಔಷಧಿಗೆ ಎಷ್ಟಾಗುತ್ತದೆ ಅಂತ ಗೊತ್ತಿದೆ. ಆದರೆ ಹೆಸರು ತಪ್ಪಿದ್ದಕ್ಕೇ ದುಡ್ಡು ಹೋಗಿರಬಹುದು. ಅಂಗಮಾರಿ ಅಂತ ನಾವು ಕರೆಯುವುದು ಎರಡು ಬೇರೆ ಬೇರೆ ರೋಗ. ಕೆಳಗಿನ ಹಳೇ ಎಲೆಗಳಲ್ಲಿ ಶುರುವಾಗಿ, ಚುಕ್ಕೆಯೊಳಗೆ ಉಂಗುರದೊಳಗೊಂದು ಉಂಗುರ ಕಂಡರೆ ಅದು ಅರ್ಲಿ ಬ್ಲೈಟ್, ಆಲ್ಟರ್ನೇರಿಯಾ ಅನ್ನುವ ಶಿಲೀಂಧ್ರದ್ದು. ಮೋಡ, ಚಳಿ, ಮಂಜು ಇದ್ದಾಗ ಎಲೆಗಳಲ್ಲಿ ನೀರಲ್ಲಿ ನೆನೆದಂಥ ಮಚ್ಚೆ ಬಂದು, ಬೆಳಗ್ಗೆ ಎಲೆ ತಿರುಗಿಸಿದರೆ ಮಚ್ಚೆಯ ಅಂಚಿಗೆ ಬಿಳಿ ಬೂಷ್ಟು ಕಂಡು, ನಾಲ್ಕೈದು ದಿನದಲ್ಲಿ ಇಡೀ ತಾಕು ಬಿಸಿನೀರು ಎರಚಿದ ಹಾಗೆ ಆದರೆ ಅದು ಲೇಟ್ ಬ್ಲೈಟ್. ಇದನ್ನು ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಪಾಚಿಗಳ ಕಡೆಯ ನೆಂಟ. 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆ ಕೊಳೆಸಿ ಬರ ತಂದದ್ದು ಇದೇ.

‘ಕೊನಜೋಲ್’ ಅಂತ ಮುಗಿಯುವ ಔಷಧಿಗಳು ಶಿಲೀಂಧ್ರವು ಎರ್ಗೊಸ್ಟೆರಾಲ್ ಅನ್ನುವ ಕೊಬ್ಬು ತಯಾರಿಸುವುದನ್ನು ತಡೆದು ಕೊಲ್ಲುತ್ತವೆ. ಫೈಟಾಫ್ತೊರಾ ಆ ಕೊಬ್ಬನ್ನು ತಯಾರಿಸುವುದೇ ಇಲ್ಲ. ಹಾಗಾಗಿ ಎಷ್ಟು ಹೊಡೆದರೂ ಅದಕ್ಕೆ ತಾಗುವುದಿಲ್ಲ. ಖಾಲಿ ಬಾಟಲಿಯ ಮೇಲೆ ಏನಿದೆ ನೋಡಿ. ನಾಲ್ಕು ಎಲೆ ಪೇಪರ್‌ನಲ್ಲಿ ಸುತ್ತಿಕೊಂಡು, ಬಾಟಲಿಯನ್ನೂ ಹಿಡಿದುಕೊಂಡು ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ನಾಳೆಯೇ ಹೋಗಿ.

ಪ್ರಶ್ನೆ: ನಮ್ಮ ಶಾಲೆಯ ಹುಲ್ಲಿನ ಅಂಗಳದಲ್ಲಿ ದೊಡ್ಡ ಬಿಳಿ ಅಣಬೆಗಳು ಬಂದಿವೆ. ಬೆಳ್ಳಿ ಚಮಚ ಹಾಕಿ ಕುದಿಸಿದಾಗ ಚಮಚ ಕಪ್ಪಾಗದಿದ್ದರೆ ತಿನ್ನಬಹುದು ಅಂತ ನಮ್ಮ ಅತ್ತೆ ಹೇಳುತ್ತಾರೆ. ನಿಜವಾ?
– ಶಿಕ್ಷಕಿ, ಚಿಕ್ಕಬಳ್ಳಾಪುರ

ಉತ್ತರ: ನಿಜವಲ್ಲ. ದಯವಿಟ್ಟು ತಿನ್ನಬೇಡಿ, ಮಕ್ಕಳಿಗೂ ಹೇಳಿ. ಬೆಳ್ಳಿ ಚಮಚ, ಬೆಳ್ಳುಳ್ಳಿ, ಅಕ್ಕಿಕಾಳು ಇವು ಯಾವುದೂ ಅಣಬೆಯ ವಿಷವನ್ನು ತೋರಿಸುವುದಿಲ್ಲ. ಹುಳ ತಿಂದಿದೆ ಅಂದರೆ ನಮಗೂ ಆಗುತ್ತದೆ ಅನ್ನುವುದೂ ತಪ್ಪು. ಹುಲ್ಲಿನ ಅಂಗಳದಲ್ಲಿ ಏಳುವ ದೊಡ್ಡ ಬಿಳಿ ಅಣಬೆ, ಟೋಪಿ ಮೇಲೆ ಕಂದು ಚಕ್ಕೆ, ಕಾಂಡಕ್ಕೆ ಬಳೆ ಹಾಕಿದ ಹಾಗೆ ಉಂಗುರ ಇದ್ದರೆ ಕ್ಲೋರೊಫಿಲ್ಲಂ ಮಾಲಿಬ್ಡೈಟಿಸ್ ಇರಬಹುದು. ಮೇಲೆ ಗುಬ್ಬಿಯ ಹುಡುಗಿಗೆ ಬರೆದ ಹಾಗೆ ರಾತ್ರಿ ಕಾಗದದ ಮೇಲೆ ಕವುಚಿ ಹಾಕಿ ನೋಡಿ. ಬೆಳಿಗ್ಗೆ ಮಾಸಲು ಹಸಿರು ಪುಡಿ ಉದುರಿದ್ದರೆ ಅದೇ. ತಿಂದವರಿಗೆ ಕೆಲವೇ ಗಂಟೆಯಲ್ಲಿ ವಾಂತಿ ಭೇದಿ ಹಿಡಿದು ಸುಸ್ತಾಗಿಬಿಡುತ್ತಾರೆ.

ಇದಕ್ಕಿಂತ ಕೆಟ್ಟವಿವೆ. ಅಮಾನಿಟಾ ಗುಂಪಿನ ಕೆಲವು ಅಣಬೆಗಳ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ತಿಂದು ಆರು ಗಂಟೆ, ಹನ್ನೆರಡು ಗಂಟೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ. ನಡುವೆ ಒಂದು ದಿನ ಹುಷಾರಾದ ಹಾಗೆ ಕಂಡು, ಅಷ್ಟರಲ್ಲಿ ಒಳಗೆ ಲಿವರ್ ಹಾಳಾಗಿರುತ್ತದೆ. ಅಣಬೆ ತಿಂದು ಯಾರಿಗಾದರೂ ಹೊಟ್ಟೆ ಕೆಟ್ಟರೆ, ಉಳಿದ ಚೂರನ್ನು ಕಸಕ್ಕೆ ಹಾಕದೆ ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ.

ಪ್ರಶ್ನೆ: ನಮ್ಮದು ರೇಷ್ಮೆ. ಹುಳ ಸತ್ತು ಸುಣ್ಣದ ಕಡ್ಡಿಯಂತಾಗುವ ಸುಣ್ಣಕಟ್ಟು ರೋಗವೂ ಶಿಲೀಂಧ್ರದಿಂದಲೇ ಅಂತೆ, ಹೌದಾ?
– ಓದುಗರು, ಶಿಡ್ಲಘಟ್ಟ

ಉತ್ತರ: ಹೌದು, ಬ್ಯೂವೇರಿಯಾ ಬ್ಯಾಸಿಯಾನಾ ಅಂತ. ಆ ಬಿಳಿ ಪುಡಿ ಪೂರ್ತಿ ಬೀಜಕಣ, ಅದಕ್ಕೇ ಸತ್ತ ಹುಳವನ್ನು ತಟ್ಟೆಯಲ್ಲಿ ಒಂದು ದಿನವೂ ಬಿಡಬಾರದು. ಇಟಲಿಯ ಅಗಸ್ಟಿನೊ ಬ್ಯಾಸಿ ಇದರ ಹಿಂದೆ ವರ್ಷಗಟ್ಟಲೆ ಬಿದ್ದು, ಬರಿಗಣ್ಣಿಗೆ ಕಾಣದ ಜೀವಿಯೊಂದು ಹುಳದಿಂದ ಹುಳಕ್ಕೆ ರೋಗ ಹರಡುತ್ತದೆ ಅಂತ 1835ರಲ್ಲಿ ತೋರಿಸಿದ. ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಅಂತ ಲೋಕವನ್ನು ಒಪ್ಪಿಸಿದ ಪಾಶ್ಚರ್‌ಗಿಂತ ಎಷ್ಟೋ ಮೊದಲು! ಹೆಸರಿನಲ್ಲಿರುವ ಬ್ಯಾಸಿ ಅವನೇ. ನಿಮಗೆ ಶತ್ರುವಾದ ಇದನ್ನೇ ತೋಟಗಳಲ್ಲಿ ಕೀಟ ಕೊಲ್ಲಲು ಹೊಡೆಯುತ್ತಾರೆ. ಪಕ್ಕದ ಹೊಲದವರು ಬ್ಯೂವೇರಿಯಾ ಹೊಡೆಯುತ್ತಿದ್ದರೆ ವಿಚಾರಿಸಿಕೊಳ್ಳಿ, ಹುಳುಮನೆ ಹತ್ತಿರ ಅದು ಬೇಡವೇ ಬೇಡ.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ ಅಷ್ಟೇ. ಹುತ್ತದ ಅಣಬೆ ಎಲ್ಲಿ, ಯಾವಾಗ ಏಳುತ್ತದೆ ಅಂತ ನಮ್ಮಜ್ಜಿಯಿಂದ ಕಲಿತಿದ್ದೇನೆ. ಡಿಗ್ರಿ ಇಲ್ಲದವರು ಈ ಪಟ್ಟಿ ಮಾಡುವ ಕೆಲಸ ಮಾಡಬಹುದಾ?
– ಓದುಗರು, ಪಾವಗಡ

ಉತ್ತರ: ಮಾಡಬಹುದು, ಮಾಡಲೇಬೇಕು. ಮೊದಲು ಅಜ್ಜಿ ಹೇಳುವ ಹೆಸರುಗಳನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದಿಟ್ಟುಕೊಳ್ಳಿ, ತಿದ್ದಬೇಡಿ. ಹುತ್ತದ ಅಣಬೆ ಟರ್ಮಿಟೊಮೈಸಿಸ್ ಅನ್ನುವ ಕುಲದ್ದು. ಒಂದು ಸಲ ಕೀಳದೆ, ಸುತ್ತ ನಿಧಾನವಾಗಿ ಅಗೆಯುತ್ತಾ ಹೋಗಿ. ಕಾಂಡ ನೆಲದೊಳಗೆ ಬೇರಿನಂತೆ ಸಣ್ಣಗಾಗುತ್ತಾ ಇಳಿದು, ಒಂದು ಅಡಿಗಿಂತ ಜಾಸ್ತಿಯೂ ಇರಬಹುದು, ಕೊನೆಗೆ ಬೂದು ಬಣ್ಣದ ಸ್ಪಂಜಿನಂಥ ಗೂಡಿಗೆ ಸೇರಿರುತ್ತದೆ. ಅದು ಗೆದ್ದಲಿನ ತೋಟ. ಸೊಪ್ಪು ಸೌದೆ ಅಗಿದು ತಂದು ಹಾಕಿ ಅಲ್ಲಿ ಈ ಶಿಲೀಂಧ್ರವನ್ನು ಬೆಳೆಸಿಕೊಂಡು ತಿನ್ನುತ್ತವೆ. ಸುಮಾರು 3 ಕೋಟಿ ವರ್ಷದಿಂದ ಗೆದ್ದಲು ಈ ಬೇಸಾಯ ಮಾಡಿಕೊಂಡು ಬಂದಿದೆ ಅಂತ ಅಂದಾಜು. ಒಂದು ಹುತ್ತದಲ್ಲಿ ಮಾತ್ರ ಅಗೆಯಿರಿ, ಆಮೇಲೆ ಮಣ್ಣು ಮುಚ್ಚಿ. ಫೋಟೊದಲ್ಲಿ ಅಳತೆಗೆ ಒಂದು ರೂಪಾಯಿ ನಾಣ್ಯ ಇಡಿ. ಯಾವ ಮಳೆ ಬಿದ್ದ ಎಷ್ಟನೇ ದಿನ ಎದ್ದಿತು ಅಂತ ಬರೆಯಿರಿ. ನಾನು ಎಷ್ಟು ಓದಿದರೂ ನಿಮ್ಮಜ್ಜಿಯ ಹೊಲದ ಆ ತಾರೀಖು ನನಗೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಕೊನೆಯದಾಗಿ, ಶಿರಾದಿಂದ ಅಣಬೆ ಕಳಿಸಿದವರಿಗೆ. ನೀವು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಪೋಸ್ಟ್ ಮಾಡಿದ್ದು ಆರು ದಿನಕ್ಕೆ ತಲುಪಿತು, ಕರಗಿಹೋಗಿತ್ತು, ಏನಂತ ಹೇಳಲು ಆಗಲಿಲ್ಲ. ಕಪ್ಪು ಶಾಯಿಯಂತೆ ಸೋರಿದ್ದರಿಂದ ತಾನೇ ಕರಗುವ ಜಾತಿಯೇ ಇರಬಹುದು, ಆದರೆ ಅಷ್ಟರಿಂದ ಹೆಸರು ಹೇಳಲಾರೆ. ಅದೇ ಜಾಗದಲ್ಲಿ ಮತ್ತೆ ಎದ್ದರೆ ಬೆಳಿಗ್ಗೆ ಬೇಗ ಕಿತ್ತು, ಪೇಪರ್ ಮೇಲೆ ಹರಡಿ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಪೇಪರ್ ಕವರಿಗೇ ಹಾಕಿ ಕಳಿಸಿ. ಜೊತೆಗೆ ತಾರೀಖು ಇರಲಿ. ತಿಪ್ಪೆಯಲ್ಲಿ ಎದ್ದದ್ದೋ, ಮರದ ಬುಡದಲ್ಲೋ, ಮರವಾದರೆ ಹುಣಸೆಯೋ ಹೊಂಗೆಯೋ, ಒಂದು ಸಾಲು ಬರೆಯಿರಿ.